ಸಾವಿರ ದಿನದ ದಾರಿ

ನಮ್ಮೂರಿನಲ್ಲಿ ಕಾರಿಗೆ ದಾರಿ ಹತ್ತಬೇಕಾದರೆ ಸಾವಿರ ದಿನ ಬೇಕು. ಸಾವಿರ ದಿನ ಒಂದೇ ಹೊತ್ತಿಗೆ ಮನೆ ಬಿಟ್ಟು, ಅದೇ ಬೀದಿಗಳಲ್ಲಿ ಹಾದು, ಮೊದಲ ದಿನ ಎಲ್ಲೆಲ್ಲಿ ನಿಂತಿತ್ತೋ ಅಲ್ಲಲ್ಲೇ ನಿಂತು, ಸಂಜೆ ಹಾಗೆಯೇ ಮನೆಗೆ ಬರಬೇಕು. ಸಾವಿರನೆಯ ದಿನ ಆ ದಾರಿಯೇ ಕಾರನ್ನು ಕರೆದುಕೊಂಡು ಹೋಗುತ್ತದೆ. ಆಮೇಲೆ ಪೆಟ್ರೋಲು ಬೇಕಿಲ್ಲ. ಸದ್ದಿಲ್ಲ, ಹೊಗೆಯಿಲ್ಲ. ನಡುವೆ ಒಂದು ದಿನ ತಪ್ಪಿದರೂ, ಒಂದು ತಿರುವು ಬದಲಾದರೂ ಮತ್ತೆ ಒಂದರಿಂದ ಶುರು. ಇದನ್ನು ನಾವೆಲ್ಲ ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವರು. ಮಳೆ ಬಂದರೆ ನೆಲ ಒದ್ದೆಯಾಗುತ್ತದಲ್ಲ, ಹಾಗೆ ಇದೂ ಒಂದು.

ಪೆಟ್ರೋಲು ಅಗ್ಗವಾಗಿದ್ದಾಗ ಇದನ್ನು ಯಾರೂ ತಲೆಗೆ ಹಚ್ಚಿಕೊಂಡಿರಲಿಲ್ಲ. ಯಾರಿಗೆ ಬೇಕು ಸ್ವಾಮಿ, ಮೂರು ವರ್ಷದ ಸೆರೆವಾಸ? ದಾರಿ ಹತ್ತಿದ್ದ ಕಾರು ಇಡೀ ಊರಿಗೆ ಒಂದೇ ಇತ್ತು, ರಿಟೈರಾದ ಸಬ್ ರಿಜಿಸ್ಟ್ರಾರ್ ಹಿರಿಯಣ್ಣಯ್ಯನವರದು. ಅವರು ಮೊದಲಿನಿಂದಲೂ ಹಾಗೇ, ಒಂದೇ ಅಳತೆಯ ಮನುಷ್ಯ. ಬೆಳಗ್ಗೆ ಎಂಟೂಕಾಲಿಗೆ ಅವರ ಬೂದು ಬಣ್ಣದ ಕಾರು ಸದ್ದಿಲ್ಲದೆ ತೇಲಿಕೊಂಡು ಬರುತ್ತಿತ್ತು. ಬೀದಿಯ ನಡುವೆ ಮಲಗಿದ್ದ ನಾಯಿಗಳು ಕಣ್ಣು ಬಿಡದೆಯೇ ಪಕ್ಕಕ್ಕೆ ಹೊರಳಿ, ಕಾರು ದಾಟಿದ ಮೇಲೆ ಮತ್ತೆ ತಮ್ಮ ಜಾಗಕ್ಕೆ ಹೊರಳುತ್ತಿದ್ದವು.

ಆಮೇಲೆ ಬೆಲೆ ಏರತೊಡಗಿತು. ಬಂಕಿನ ಮರಿಗೌಡ ದಿನಾ ಬೆಳಗ್ಗೆ ಏಣಿ ಹತ್ತಿ ಬೋರ್ಡಿನ ಅಂಕಿ ಬದಲಿಸುವುದನ್ನು ನಾವು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಾ ನೋಡುತ್ತಿದ್ದೆವು. ಒಂದು ತಿಂಗಳಾದ ಮೇಲೆ ಅವನು ಏಣಿಯನ್ನು ಒಳಗಿಡುವುದನ್ನೇ ಬಿಟ್ಟ. ಇನ್ನೊಂದು ತಿಂಗಳಿಗೆ ಏಣಿಯ ಮೇಲೆ ಹೀರೇಕಾಯಿ ಬಳ್ಳಿ ಹಬ್ಬಿತು. ಅವನು ಬಳ್ಳಿಯನ್ನು ಮೆಲ್ಲಗೆ ಸರಿಸಿ ಕಾಲಿಟ್ಟು ಹತ್ತುತ್ತಿದ್ದ, ಇಳಿಯುವಾಗ ಎರಡು ಹೀರೇಕಾಯಿ ಕಿತ್ತುಕೊಂಡು ಬರುತ್ತಿದ್ದ.

ಹೀಗೆ ಊರಿಗೆ ಊರೇ ಸಾವಿರ ದಿನಕ್ಕೆ ಕೂತಿತು. ಎಲ್ಲಕ್ಕಿಂತ ಕಷ್ಟದ್ದು ಮೊದಲ ದಿನ. ಅವತ್ತು ಏನು ನಡೆಯಿತೋ ಅದೇ ಕೊನೆಯ ತನಕ. ಬ್ಯಾಂಕ್ ಮ್ಯಾನೇಜರ್ ಕೋದಂಡಪಾಣಿ ಮೊದಲ ದಿನ ಯಾವುದೋ ಜ್ಞಾನದಲ್ಲಿ ಸಂತೆಬೀದಿಯ ಮೂಲೆಯಲ್ಲಿ ಕಾರು ನಿಲ್ಲಿಸಿ ಒಂದು ಕುಂಬಳಕಾಯಿ ಕೊಂಡುಬಿಟ್ಟರು. ಆಮೇಲೆ ದಿನಕ್ಕೊಂದು ಕುಂಬಳಕಾಯಿ. ಅವರ ಮನೆಯ ಮಹಡಿ ಮೆಟ್ಟಿಲ ಮೇಲೆಲ್ಲ ಕುಂಬಳಕಾಯಿ ಸಾಲು. ಬ್ಯಾಂಕಿಗೆ ಬಂದವರ ಕೈಗೂ ಒಂದೊಂದು ಹೋಳು ಕೊಟ್ಟು ಕಳಿಸುತ್ತಿದ್ದರು. ಡಾಕ್ಟರಮ್ಮನ ಕಾರು ಮೊದಲ ದಿನವೇ ರೈಲ್ವೆ ಗೇಟಿನ ಹತ್ತಿರ ಪಂಕ್ಚರ್ ಆಯಿತು. ಅಂದಿನಿಂದ ದಿನಾ ಇಪ್ಪತ್ತು ನಿಮಿಷ ಅವರು ಅಲ್ಲಿಯೇ ನಿಲ್ಲುತ್ತಿದ್ದರು. ಕ್ರಮೇಣ ಕೆಮ್ಮು ನೆಗಡಿಯವರೆಲ್ಲ ಗೇಟಿನ ಹತ್ತಿರವೇ ಬಂದು ನಾಲಿಗೆ ತೋರಿಸತೊಡಗಿದರು. ಕುಂಬಳಕಾಯಿಯನ್ನು ಕೊಳ್ಳಲೇಬೇಕಿತ್ತೇ, ಸುಮ್ಮನೆ ನಿಂತು ಹೋದರೆ ಸಾಕಿತ್ತೇ? ಏನನ್ನು ಹಿಡಿಯುತ್ತದೆ, ಏನನ್ನು ಬಿಡುತ್ತದೆ ಅಂತ ದಾರಿ ಯಾರಿಗೂ ಹೇಳಿಲ್ಲ. ಅದಕ್ಕೇ ಬುದ್ಧಿವಂತರು ಏನನ್ನೂ ಬಿಡಲಿಲ್ಲ.

ನಾನು ಬುದ್ಧಿವಂತರಲ್ಲಿ ಒಬ್ಬ. ಚೌಕದಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅಂಗಡಿಯ ಪಕ್ಕದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನನ್ನ ಹೆಂಡತಿ ತುಂಗಾ ಹೊಲಿಗೆ ಟೀಚರು. ಜನ ನನ್ನನ್ನು ಜಿಪುಣ ಅನ್ನುತ್ತಾರೆ, ಅನ್ನಲಿ. ಸಾವಿರ ದಿನಕ್ಕೆ ಕೂರುವುದಕ್ಕಿಂತ ಮುಂಚೆಯೇ ನಾನು ನನ್ನ ಹಳೇ ಕಾರಿನ ಮೇಲಿನ ಕ್ಯಾರಿಯರ್ ಬಿಚ್ಚಿಸಿ ಅಟ್ಟಕ್ಕೆ ಹಾಕಿದ್ದೆ. ಸ್ಟೆಪ್ನಿಯನ್ನೂ ತೆಗೆದು ಮನೆಯಲ್ಲಿಟ್ಟಿದ್ದೆ. ವಾರಕ್ಕೊಮ್ಮೆ ಗಾಳಿ ಹಾಕಿಸುವುದು, ನಲವತ್ತು ದಾಟದೆ ಓಡಿಸುವುದು, ಗೇಟು ಹಾಕಿದ್ದರೆ ಇಂಜಿನ್ ಆರಿಸುವುದು, ಎಲ್ಲ ಮಾಡುತ್ತಿದ್ದೆ. ಒಂದು ದಿನ ತುಂಗಾಳ ಊಟದ ಡಬ್ಬಿಯನ್ನು ಕೈಯಲ್ಲಿ ತೂಗಿ ನೋಡಿ, "ಎರಡು ಅಂತಸ್ತಿನ ಡಬ್ಬಿ ಸಾಲದಾ?" ಎಂದಿದ್ದೆ. ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು.

ಭಾನುವಾರ ಸಂಜೆ ನಾವಿಬ್ಬರೂ ಕೆರೆ ಏರಿಯ ಮೇಲೆ ಹೋಗಿ ಕೂರುವುದು ಮದುವೆಯಾದಾಗಿನಿಂದ ಇದ್ದ ರೂಢಿ. ಮನೆಯಿಂದ ನಾಲ್ಕು ಮೈಲಿ. ತುಂಗಾ ಮುಂದಿನ ಸೀಟಿನಲ್ಲಿ ಕೂತರೆ ಬಾಗಿಲಲ್ಲಿ ಶುರುವಾದ ಮಾತು ಕೆರೆ ಕಾಣುವವರೆಗೂ ನಿಲ್ಲುತ್ತಿರಲಿಲ್ಲ. ಯಾವ ಹುಡುಗಿ ಯಾವ ಗುಂಡಿಯನ್ನು ಎಲ್ಲಿ ಹೊಲಿದಳು ಅನ್ನುವುದೂ ಅವಳ ಬಾಯಲ್ಲಿ ಕೇಳುವ ಹಾಗಿರುತ್ತಿತ್ತು. ಅಲ್ಲಿ ಸೋಪಾನದ ಮೇಲೆ ಕೂತು ಕಾಲು ನೀರಿಗೆ ಬಿಟ್ಟು ಕಡಲೆಕಾಯಿ ತಿನ್ನುತ್ತಿದ್ದಳು. ಬೆಲೆ ಏರಿದ ಮೇಲೆ ವಾರಕ್ಕೊಮ್ಮೆ ಇದ್ದದ್ದನ್ನು ನಾನು ಹದಿನೈದು ದಿನಕ್ಕೆ ಮಾಡಿದೆ, ಆಮೇಲೆ ತಿಂಗಳಿಗೆ. ಒಂದು ಭಾನುವಾರ ಅವಳು ಶಾಯಿ ನೀಲಿ ಸೀರೆ ಉಟ್ಟು, ಹೂ ಮುಡಿದು, ಕಾರಿನ ಪಕ್ಕ ಬಂದು ನಿಂತಾಗ ನಾನು ಬೀಗದ ಕೈಯನ್ನು ಮೊಳೆಗೆ ನೇತುಹಾಕಿಬಿಟ್ಟೆ.

"ಇವತ್ತು ಬೇಡ ಬಿಡು. ಕೆರೆ ಎಲ್ಲಿಗೂ ಓಡಿಹೋಗಲ್ಲ," ಅಂದೆ.

"ನಾಲ್ಕು ಮೈಲಿಗೆ ನಿಮಗೆ ಪೆಟ್ರೋಲು ನೆನಪಾಗುತ್ತೇನ್ರೀ? ಮದುವೆಗೆ ಮುಂಚೆ ಹನ್ನೆರಡು ಮೈಲಿ ಬರ್ತಿದ್ರಿ, ನನ್ನನ್ನ ಒಂದು ಸಲ ನೋಡೋಕೆ."

"ಆಗಿನ ರೇಟೇ ಬೇರೆ," ಅಂದೆ.

ಈಗಲೂ ಆ ಮಾತು ನೆನಪಾದರೆ ನನ್ನ ನಾಲಿಗೆಯನ್ನು ನಾನೇ ಕಚ್ಚಿಕೊಳ್ಳುವ ಹಾಗಾಗುತ್ತದೆ. ತುಂಗಾ ಮುಡಿದ ಹೂವನ್ನು ತೆಗೆದು ತುಳಸಿಕಟ್ಟೆಯ ಮೇಲಿಟ್ಟು ಒಳಗೆ ಹೋದಳು.

ಮರುದಿನ ಸೋಮವಾರ. ಅದು ನಾನು ಪಂಚಾಂಗ ನೋಡಿ ಗೊತ್ತುಮಾಡಿದ್ದ ಮೊದಲ ದಿನ. ಒಂಬತ್ತೂಕಾಲಿಗೆ ಕಾರು ಹೊರಗೆ ತಂದೆ. ತುಂಗಾ ಬಂದವಳು ಹಿಂದಿನ ಬಾಗಿಲು ತೆಗೆದು, ಎಡಗಡೆ ಮೂಲೆಗೆ ಒತ್ತಿಕೊಂಡು ಕೂತಳು. ದಾರಿಯುದ್ದಕ್ಕೂ ನಾನೂ ಮಾತಾಡಲಿಲ್ಲ, ಅವಳ ದನಿಯೂ ಕೇಳಿಸಲಿಲ್ಲ. ನೀರಿನ ಟ್ಯಾಂಕಿನ ಹತ್ತಿರ ದಾರಿ ಎರಡಾಗುತ್ತದೆ, ಎಡಕ್ಕೆ ಹೋದರೆ ಕೆರೆ, ಬಲಕ್ಕೆ ಚೌಕ. ನಾನು ಬಲಕ್ಕೆ ತಿರುಗಿಸಿದೆ. ಸಂಜೆಯೂ ಅವಳು ಹಿಂದೆಯೇ ಕೂತು ಬಂದಳು.

ಎರಡನೆಯ ದಿನ ಎಲ್ಲ ಸರಿಮಾಡಬಹುದಿತ್ತು. ಅವಳು ಮುಂದಿನ ಬಾಗಿಲ ಹತ್ತಿರ ಬಂದು, ಹಿಡಿಯ ಮೇಲೆ ಕೈಯಿಟ್ಟು, ಒಂದು ಗಳಿಗೆ ನನ್ನ ಮುಖ ನೋಡಿದಳು. ಅವಳ ಸಿಟ್ಟು ಆಗಲೇ ಇಳಿದಿತ್ತು. ನಾನು ಏನಂದೆ ಗೊತ್ತೇ? "ತುಂಗಾ, ನಿನ್ನೆ ಥರಾನೇ ಹಿಂದೆ ಕೂತ್ಕೋ. ಮಾತೂ ಬೇಡ. ಸುಮ್ಮನೆ ಯಾಕೆ ರಿಸ್ಕು?"

"ಎಷ್ಟು ದಿನ?"

"ಸಾವಿರ."

ತಮಾಷೆ ಅಂದುಕೊಂಡು ನಕ್ಕಳು. ನಾನು ನಗದೇ ಇದ್ದದ್ದನ್ನು ನೋಡಿ, "ಆಗಲಿ, ಸಾವಿರ," ಅಂತ ಹೇಳಿ ಹಿಂದಿನ ಬಾಗಿಲು ತೆಗೆದಳು.

ದಿನಗಳು ಹೋದವು. ಮಳೆ ಬಂದರೂ ಹೋದೆವು, ನನಗೆ ಜ್ವರ ಬಂದಾಗ ತಲೆಗೆ ಶಾಲು ಸುತ್ತಿಕೊಂಡು ಹೋದೆವು. ಭಾನುವಾರ ಸ್ಕೂಲಿಲ್ಲ, ಗಿರಾಕಿಯಿಲ್ಲ, ಆದರೂ ಒಂಬತ್ತೂಕಾಲಿಗೆ ಹೊರಟು ಅಂಗಡಿಯಲ್ಲಿ ಕೂತು ಸಂಜೆ ಬರುತ್ತಿದ್ದೆವು. ಅವಳು ಒಂದು ಮೂಲೆಯಲ್ಲಿ ಕಸೂತಿ ಹಾಕುತ್ತಿದ್ದಳು, ನಾನು ಒರೆಸಿದ ಗಾಜನ್ನೇ ಒರೆಸುತ್ತಿದ್ದೆ. ಕಾರಿನೊಳಗೆ ಮಾತ್ರ ಅಂತ ಶುರುವಾದ ಮೌನ ಮೆಲ್ಲಗೆ ನಮ್ಮ ಜೊತೆ ಇಳಿದು ಅಂಗಡಿಗೆ ಬಂತು, ಮನೆಗೂ ಬಂತು. ಗ್ಯಾಸು ಮುಗಿಯಿತು, ಹಾಲಿನವನು ಬರಲಿಲ್ಲ, ಇಷ್ಟು ಬಿಟ್ಟರೆ ನಮ್ಮ ನಡುವೆ ಮಾತೇ ಉಳಿಯಲಿಲ್ಲ.

ಅಷ್ಟರಲ್ಲಿ ಊರಿನ ಒಂದೊಂದೇ ಕಾರಿಗೆ ದಾರಿ ಹತ್ತುತ್ತಾ ಬಂತು. ಒಂದೊಂದು ಬೀದಿಯೂ ತಣ್ಣಗಾಯಿತು. ಕಾರುಗಳು ಒಂದರ ಹಿಂದೊಂದು ಸದ್ದಿಲ್ಲದೆ ತೇಲಿಹೋಗುತ್ತಿದ್ದವು, ಒಳಗೆ ಕೂತವರು ಅರ್ಧ ನಿದ್ದೆಯಲ್ಲಿರುತ್ತಿದ್ದರು. ಮೂರು ಬೀದಿಯಾಚೆಯ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ಯಾರ ಮನೆಯಲ್ಲಿ ಯಾವ ರಾಗ ಪಾಠ ಆಗುತ್ತಿದೆ ಅಂತ ಊರಿಗೆಲ್ಲ ಗೊತ್ತಾಗುತ್ತಿತ್ತು. ಟ್ರಾಫಿಕ್ ದೀಪದ ಕಂಬದಲ್ಲಿ ಗುಬ್ಬಿ ಗೂಡು ಕಟ್ಟಿತು. ಮರಿಗೌಡ ಬಂಕಿನಲ್ಲಿ ಮಜ್ಜಿಗೆ ಮಾರತೊಡಗಿದ. ಆ ನಿಶ್ಶಬ್ದದ ಮಧ್ಯೆ ದಿನಾ ಬಡಬಡ ಅಂತ ಅಬ್ಬರಿಸುತ್ತಿದ್ದದ್ದು ನನ್ನ ಕಾರೊಂದೇ. ಸೈಲೆನ್ಸರ್ ತೂತಾಗಿತ್ತು. ಮೊದಲ ದಿನವೇ ತೂತಾಗಿದ್ದದ್ದರಿಂದ ಅದನ್ನು ಸರಿಮಾಡಿಸುವ ಧೈರ್ಯ ನನಗಾಗಲಿಲ್ಲ.

ಇನ್ನೊಂದು ಸಂಗತಿಯಿತ್ತು. ನೀರಿನ ಟ್ಯಾಂಕು ಹತ್ತಿರವಾದಾಗಲೆಲ್ಲ ಹಿಂದಿನ ಸೀಟಿನಲ್ಲಿ ತುಂಗಾಳ ತುಟಿ ಅಲುಗುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ದಿನಾ, ಅದೇ ಜಾಗದಲ್ಲಿ. ಇಂಜಿನ್ನಿನ ಗದ್ದಲದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ಸ್ತೋತ್ರವೋ, ನನಗೆ ಶಾಪವೋ ಅಂದುಕೊಂಡೆ. ಮನೆಯಲ್ಲಿ ಕೇಳಬಹುದಿತ್ತು. ಕೇಳಿದರೆ ದಾರಿಗೆ ಎಲ್ಲಿ ತೊಡಕಾಗುತ್ತದೋ ಅಂತ ನೆಪ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಅವಳ ಉತ್ತರಕ್ಕೆ ಹೆದರಿದ್ದೆ.

ಸಾವಿರಕ್ಕೆ ಹತ್ತೊಂಬತ್ತು ದಿನ ಬಾಕಿಯಿದ್ದಾಗ ಹಿರಿಯಣ್ಣಯ್ಯನವರು ಹೊಸ ಕನ್ನಡಕ ಮಾಡಿಸಲು ನಡೆದುಕೊಂಡು ಅಂಗಡಿಗೆ ಬಂದರು. ಅವರ ಮೂಗಿನ ಮೇಲೆ ಫ್ರೇಮು ಕೂರಿಸುತ್ತಾ ನಾನು ಉತ್ಸಾಹದಿಂದ ಹೇಳಿದೆ, "ಇನ್ನು ಹತ್ತೊಂಬತ್ತೇ ದಿನ ಸಾರ್. ಮುಗಿದ ದಿನಾನೇ ನಮ್ಮವಳನ್ನ ಮುಂದಿನ ಸೀಟಿಗೆ ಕರೀತೀನಿ. ಒಂದು ಸೀರೆ ಕೊಡಿಸ್ಬೇಕು ಅಂತಿದೀನಿ."

ಅವರು ಫ್ರೇಮು ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಮುಗಿಯುತ್ತೆ ಅಂತ ಯಾರು ಹೇಳಿದ್ರಪ್ಪಾ ನಿಂಗೆ? ಹತ್ತಿದ ಮೇಲೆ ಇನ್ನೂ ಜಾಗ್ರತೆ. ಒಂದು ದಿನ ತಪ್ಪಿದ್ರೆ ಬಿಟ್ಟೋಗುತ್ತೆ. ನಮ್ಮ ಚೆನ್ನಕೇಶವ ಗೊತ್ತಲ್ಲ, ನೀಲಿ ಗೇಟಿನ ಮನೆ? ಮೊದಲ ದಿನ ಅವನನ್ನ ಹತ್ತಿಸ್ಕೊಂಡಿದ್ದೆ. ಅವನು ಹೋಗಿ ಆರು ವರ್ಷ ಆಯ್ತು. ಈಗಲೂ ದಿನಾ ಆ ಗೇಟಿನ ಮುಂದೆ ಒಂದು ಸಲ ಹಾರ್ನ್ ಹೊಡೀತೀನಿ. ಬಾಗಿಲು ತೆಗೀತೀನಿ. ಎರಡು ನಿಮಿಷ ಕಾದು ಮುಚ್ತೀನಿ. ಅವನ ಹೆಂಡ್ತಿ ಪಾಪ, ಹಾರ್ನ್ ಕೇಳಿದ ತಕ್ಷಣ ಕಿಟಕಿ ಹಾಕ್ಕೋತಾರೆ."

"ನಿಲ್ಲಿಸಿಬಿಡಬಹುದಲ್ಲ ಸಾರ್?"

"ಈಗಿನ ರೇಟಿಗೆ?" ಅಂದರು. ಅವರ ಕಣ್ಣು ಒದ್ದೆಯಾಗಿತ್ತು. ಪವರ್ ನೋಡುವಾಗ ಕಣ್ಣಲ್ಲಿ ನೀರು ಬರುವುದುಂಟು, ಅದಿರಬೇಕು ಅಂತ ನಾನು ಹತ್ತಿ ಕೊಟ್ಟೆ. ಆ ಗೆಳೆಯ ಹತ್ತದಿದ್ದರೂ ದಾರಿ ಅವರನ್ನು ಬಿಟ್ಟಿರಲಿಲ್ಲ ಅನ್ನುವುದು ಆಗ ನನ್ನ ತಲೆಗೆ ಹೊಳೆಯಲೇ ಇಲ್ಲ.

ಊಟಕ್ಕೆ ಕೂತಾಗ ತುಂಗಾಳಿಗೆ ಹೇಳಿದೆ. ಸಾವಿರ ಆದ ಮೇಲೂ ಹಿಂದೆಯೇ ಕೂರಬೇಕಾಗುತ್ತದಂತೆ, ಮಾತೂ ಇಲ್ಲವಂತೆ ಅಂದೆ. ಅವಳು ಸಾರು ಬಡಿಸುತ್ತಿದ್ದಳು, ಕೈ ನಿಲ್ಲಿಸಲಿಲ್ಲ.

"ನನಗೆ ಎರಡನೇ ದಿನವೇ ಗೊತ್ತಿತ್ತು," ಅಂದಳು. "ಸಾವಿರ ಅಂತ ಮಾತು ಕೊಟ್ಟಿದೀನಿ, ಸಾವಿರ ಆಗೋವರೆಗೂ ಕೂರ್ತೀನಿ. ಆಮೇಲೆ ನಿಮ್ಮ ಕಾರು ಹತ್ತಲ್ಲ. ಸ್ಕೂಲಿನ ಹಿಂದೆ ಒಂದು ರೂಮು ನೋಡಿದೀನಿ. ಹಿಂದಿನ ಸೀಟಿಗೆ ಒಂದು ಅಕ್ಕಿ ಮೂಟೆ ಇಟ್ಕೊಳ್ಳಿ, ನನ್ನಷ್ಟೇ ತೂಕದ್ದು. ಅದೂ ಮಾತಾಡಲ್ಲ."

"ತಮಾಷೆ ಮಾಡಬೇಡ ತುಂಗಾ."

"ನಾನು ತಮಾಷೆ ಮಾಡಿ ಮೂರು ವರ್ಷ ಆಯ್ತು ರೀ."

ಮರುದಿನವೇ ಎಲ್ಲ ಬಿಟ್ಟು ಅವಳ ಕೈಹಿಡಿದು ಮುಂದೆ ಕೂರಿಸಬೇಕಿತ್ತು ಅಂತ ನೀವು ಹೇಳುತ್ತೀರಿ. ಹೊರಗೆ ನಿಂತವರಿಗೆ ಅದು ಸುಲಭ. ಒಂಬೈನೂರ ಎಂಬತ್ತೊಂದು ದಿನ ಸವೆಸಿದ ಮನುಷ್ಯನ ಕಾಲು ಅಷ್ಟು ಬೇಗ ಬ್ರೇಕಿನ ಮೇಲೆ ಹೋಗುವುದಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ಹದಿನೆಂಟು ದಿನ ಕಳೆದೆ. ಅವಳು ಒಂದೊಂದಾಗಿ ತನ್ನ ಸೀರೆಗಳನ್ನು ಒಂದು ಟ್ರಂಕಿಗೆ ಮಡಿಸಿಡುತ್ತಿದ್ದಳು. ಶಾಯಿ ನೀಲಿ ಸೀರೆ ಎಲ್ಲಕ್ಕಿಂತ ಕೆಳಗೆ ಹೋಯಿತು. ನಾನು ಅದನ್ನೂ ನೋಡಿದೆ.

ಸಾವಿರನೆಯ ದಿನದ ಹಿಂದಿನ ಸಂಜೆ ಮರಿಗೌಡನ ಹತ್ತಿರ ಕೊನೆಯ ಸಲ ಪೆಟ್ರೋಲು ತಂದು ಹಾಕಿದೆ. ನಡೆದು ಹೋಗಿ ಸಣ್ಣ ಕ್ಯಾನಿನಲ್ಲಿ ತಂದದ್ದು, ಅದೂ ಬೇಕಾದಷ್ಟೇ, ಅಂಚೆ ಕಚೇರಿ ದಾಟುವವರೆಗೆ ಸಾಲುವಷ್ಟು. ಅಲ್ಲಿಂದ ಮುಂದೆ ದಾರಿ ಹಿಡಿದುಕೊಳ್ಳುತ್ತದೆ ಅಂತ ಎಲ್ಲರ ಅನುಭವ. ಕ್ಯಾನಿನ ಜೊತೆಗೆ ಮರಿಗೌಡ ಒಂದು ಲೋಟ ಮಜ್ಜಿಗೆಯನ್ನೂ ಕೊಟ್ಟು, "ಇನ್ನು ನಿಮ್ಮ ನಮ್ಮ ಋಣ ತೀರ್ತು ಸಾಮಿ," ಅಂದ.

ಬೆಳಗ್ಗೆ ಒಂಬತ್ತೂಕಾಲಿಗೆ ಹೊರಟೆವು. ಚೌಕದಲ್ಲಿ ಜನ ಹಾರ ಹಿಡಿದು ಕಾಯುತ್ತಿದ್ದಾರೆ, ಕೋದಂಡಪಾಣಿಯವರು ನನ್ನ ಕಾರಿಗೆ ದೃಷ್ಟಿ ತೆಗೆಯಲು ತಮ್ಮ ದಾಸ್ತಾನಿನಿಂದ ಒಂದು ದೊಡ್ಡ ಕಾಯಿ ತಂದಿಟ್ಟಿದ್ದಾರೆ ಅಂತ ಸುದ್ದಿ ಬಂದಿತ್ತು. ತುಂಗಾ ತನ್ನ ಮೂಲೆಯಲ್ಲಿ ಕೂತಳು. ಟ್ರಂಕು ಮನೆಯ ಬಾಗಿಲ ಹತ್ತಿರವೇ ಇತ್ತು.

ಅಂಚೆ ಕಚೇರಿ ದಾಟಿದೆವು. ಇಂಜಿನ್ನಿನ ಸದ್ದು ತೆಳ್ಳಗಾಯಿತು. ಇನ್ನೂ ತೆಳ್ಳಗಾಯಿತು. ಆಮೇಲೆ ಇಲ್ಲವೇ ಇಲ್ಲ. ಕಾರು ಮಾತ್ರ ಹೋಗುತ್ತಲೇ ಇತ್ತು. ನನ್ನ ಪಾದ ಯಾವುದರ ಮೇಲೂ ಇರಲಿಲ್ಲ. ಕೆಳಗೆ ರಸ್ತೆ ತಾನಾಗಿಯೇ ಹಿಂದಕ್ಕೆ ಸರಿಯುತ್ತಿತ್ತು, ಮರದ ನೆರಳುಗಳು ಬಾನೆಟ್ಟಿನ ಮೇಲೆ ಮೆಲ್ಲಗೆ ಹತ್ತಿ ಇಳಿಯುತ್ತಿದ್ದವು. ಸುಖವಾಗಿತ್ತು, ಸುಳ್ಳು ಯಾಕೆ ಹೇಳಲಿ? ಮೂರು ವರ್ಷದಲ್ಲಿ ಮೊದಲ ಸಲ ನನ್ನ ಕಾರಿನೊಳಗೆ ನಿಶ್ಶಬ್ದ. ತುಂಗಾಳ ಬಳೆ ಒಂದಕ್ಕೊಂದು ತಾಗಿದ್ದು ಕೇಳಿಸಿತು. ಅವಳ ಚೀಲದೊಳಗೆ ಸೂಜಿಯ ಡಬ್ಬಿ ಅಲುಗಿದ್ದು ಕೇಳಿಸಿತು. ನೀರಿನ ಟ್ಯಾಂಕು ಹತ್ತಿರವಾಯಿತು. ಆಗ ಅವಳ ದನಿ ಕೇಳಿಸಿತು.

"ಎಡಕ್ಕೆ ತಿರುಗಿಸ್ರೀ."

ಸಣ್ಣ ದನಿ. ಬೇಡಿಕೆಯಿಲ್ಲ, ಸಿಟ್ಟೂ ಇಲ್ಲ. ದಿನಾ ಹೇಳಿ ಅಭ್ಯಾಸವಾದವರು ಹೇಳುವ ಹಾಗೆ. ತನ್ನ ದನಿ ತನಗೇ ಕೇಳಿಸಿ ಅವಳು ಬೆಚ್ಚಿ ಬಾಯಿಗೆ ಕೈ ಇಟ್ಟುಕೊಂಡದ್ದು ಕನ್ನಡಿಯಲ್ಲಿ ಕಂಡಿತು.

"ದಿನಾ ಇದನ್ನೇ ಹೇಳ್ತಿದ್ಯಾ?" ಅಂದೆ. ಆ ಕಾರಿನಲ್ಲಿ ಅವಳ ಜೊತೆ ಮೂರು ವರ್ಷದ ಮೇಲೆ ನಾನಾಡಿದ ಮೊದಲ ಮಾತು.

"ದಿನಾ."

"ಮೊದಲನೇ ದಿನದಿಂದ?"

"ಹೂಂ. ಮೊದಲನೇ ದಿನ ಸ್ವಲ್ಪ ಜೋರಾಗೇ ಹೇಳಿದ್ದೆ. ನಿಮಗೆ ಕೇಳಿಸ್ಲಿಲ್ಲ."

ನಾವು ಮಾತಾಡುತ್ತಿದ್ದರೂ ಕಾರು ಹೋಗುತ್ತಲೇ ಇತ್ತು. ದಾರಿಗೆ ನಮ್ಮ ಮಾತಿನಿಂದ ಏನೂ ಆಗಿರಲಿಲ್ಲ. ಯಾವತ್ತೂ ಆಗುತ್ತಿರಲಿಲ್ಲ. ಅವಳು ಮೊದಲ ದಿನದಿಂದ ಮಾತಾಡುತ್ತಲೇ ಇದ್ದಳು, ದಾರಿ ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಸಾವಿರ ದಿನ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅವಳ ಹುಡುಗಿಯರ ಗುಂಡಿ ಕಾಜದ ಕಥೆಯೆಲ್ಲ ಕೇಳಿಕೊಂಡು ಬಂದಿದ್ದರೂ ಈ ಕಾರು ಇವತ್ತು ಹೀಗೇ ತೇಲುತ್ತಿತ್ತು. ಎಂಥ ದಡ್ಡ ನಾನು, ಎಂಥ ದಡ್ಡ.

ಟ್ಯಾಂಕಿನ ಕೆಳಗೆ ಸ್ಟೀರಿಂಗು ತಾನೇ ಬಲಕ್ಕೆ ತಿರುಗತೊಡಗಿತು. ಬಹಳ ನಯವಾಗಿ, ತೊಟ್ಟಿಲು ತೂಗುವ ಹಾಗೆ. ಬಲಗಡೆ ದೂರದಲ್ಲಿ ಚೌಕದ ಜನ ಕಾಣುತ್ತಿದ್ದರು, ಕೋದಂಡಪಾಣಿಯವರ ಕೈಯಲ್ಲಿ ಕುಂಬಳಕಾಯಿಯೂ ಕಂಡಿತು. ನಾನು ಎರಡೂ ಕೈಯಲ್ಲಿ ಸ್ಟೀರಿಂಗು ಹಿಡಿದು ಎಡಕ್ಕೆ ಎಳೆದೆ. ದಾರಿ ಜಗಳವಾಡಲಿಲ್ಲ. ಒಂದು ಗಳಿಗೆ ಹಿಡಿದು, ಬಿಟ್ಟಿತು.

ಕೆರೆಯ ರಸ್ತೆಯಲ್ಲಿ ಐವತ್ತು ಗಜ ಹೋಗಿ ಕಾರು ನಿಂತಿತು. ಕೀಲಿ ತಿರುಗಿಸಿದೆ. ಇಂಜಿನ್ನು ಒಮ್ಮೆ ಕೆಮ್ಮಿತು, ಅಷ್ಟೇ. ಒಂದು ಹನಿ ಪೆಟ್ರೋಲೂ ಇರಲಿಲ್ಲ. ಜಾಣತನದಿಂದ ಅಳೆದು ಹಾಕಿದವನು ನಾನೇ ತಾನೇ?

ತುಂಗಾ ಹಿಂದಿನ ಬಾಗಿಲು ತೆಗೆದು ಇಳಿದಳು. ಬಿಟ್ಟುಹೋಗುತ್ತಾಳೆ ಅಂದುಕೊಂಡೆ. ಅವಳು ಕಾರನ್ನು ಸುತ್ತಿಕೊಂಡು ನನ್ನ ಬಾಗಿಲ ಹತ್ತಿರ ಬಂದು ನಿಂತಳು.

"ಇಳೀರಿ. ನಾನು ಸ್ಟೀರಿಂಗ್ ಹಿಡ್ಕೋತೀನಿ, ನೀವು ತಳ್ಳಿ."

"ಇನ್ನೂ ಮೂರು ಮೈಲಿ ಇದೆಯಲ್ಲೇ."

"ನಿಧಾನಕ್ಕೆ ತಳ್ಳಿ. ಕೆರೆ ಎಲ್ಲಿಗೂ ಓಡಿಹೋಗಲ್ಲ," ಅಂದಳು. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೇ ನಗು ತಡೆಯಲಾಗಲಿಲ್ಲ. ಆ ನಗುವನ್ನು ನಾನು ಕೇಳಿ ಎಷ್ಟು ಕಾಲವಾಗಿತ್ತು. ನನಗೆ ಅಳು ಬಂತು, ಅದನ್ನು ಮುಚ್ಚಿಡಲೂ ಇಲ್ಲ.

ನಾನು ಹಿಂದೆ ಹೋಗಿ ಡಿಕ್ಕಿಯ ಮೇಲೆ ಕೈಯೂರಿ ತಳ್ಳಿದೆ. ಕಾರು ಮೆಲ್ಲಗೆ ಉರುಳಿತು. ಸ್ವಲ್ಪ ದೂರ ಹೋದ ಮೇಲೆ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ, "ರೀ, ಇವತ್ತು ಮೊದಲನೇ ದಿನ ಅಂತ ಆದ್ರೆ, ಇನ್ನು ಸಾವಿರ ದಿನ ಹೀಗೇ ತಳ್ಳಬೇಕಾಗುತ್ತೆ, ಗೊತ್ತಾ?" ಅಂದಳು.

"ತಳ್ತೀನಿ. ನೀನು ಮಾತಾಡ್ತಾ ಇರು."

"ಎಲ್ಲಿಂದ ಶುರು ಮಾಡ್ಲಿ?"

"ಎರಡನೇ ದಿನದಿಂದ," ಅಂದೆ.

ಅವಳು, ಅವತ್ತು ಒಬ್ಬಳು ಹುಡುಗಿ ಲಂಗದ ಜೇಬಿನ ಬಾಯನ್ನೇ ಹೊಲಿದುಬಿಟ್ಟು, ಒಳಗೆ ಸಿಕ್ಕಿಕೊಂಡ ಪೆಪ್ಪರಮಿಂಟಿಗಾಗಿ ಅತ್ತ ಕಥೆಯನ್ನು ಶುರುಮಾಡಿದಳು. ನಾನು ತಳ್ಳುತ್ತಿದ್ದೆ. ಬೆನ್ನು ನೋಯುತ್ತಿತ್ತು, ಬಿಸಿಲು ಏರುತ್ತಿತ್ತು. ಅವಳು ಹೇಳುತ್ತಿದ್ದ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸುತ್ತಿತ್ತು.